ಆರನೇ ಹಾಸಿಗೆಯ ಜ್ವರ

ಆಸ್ಪತ್ರೆ, ಎರಡನೇ ಮಹಡಿ
ಶುಕ್ರವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಕಾಲಿನ ಊತ ಇಳಿಯಿತೇ? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತುವ ಹಟ ಮಾಡಬೇಡ. ಮಲಗಿರು ಎಂದರೆ ಮಲಗಿರು, ಹೇಳಿ ಹೇಳಿ ಭಾವನ ಬಾಯಿ ಒಣಗಿರಬೇಕು. ಅಪ್ಪನ ತಲೆಯ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮಂಗಳವಾರದಿಂದ ಜ್ವರ. ತಲೆಯೊಳಗಿನ ನೀರು ಇಳಿಯಲೆಂದು ಇಟ್ಟ ಟ್ಯೂಬಿನಿಂದ ಸೋಂಕು ತಗಲಿದೆ. ಔಷಧ ಬದಲಿಸಿದ್ದಾರೆ, ಇವತ್ತು ನೂರೊಂದಕ್ಕೆ ಇಳಿದಿದೆ. ನೀನು ಗಾಬರಿಯಾಗಬೇಡ, ನಿನ್ನ ಪಾಲನ್ನೂ ಸೇರಿಸಿ ಆ ಕೆಲಸವನ್ನು ನಾನೇ ಮಾಡುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ತಲೆ ಆಪರೇಷನ್ ಆದವರ ವಾರ್ಡಿನಲ್ಲಿ ಯಾರ ಟ್ಯೂಬಿಗೆ ಎಷ್ಟು ದಿನವಾಯಿತು, ಯಾರಿಗೆ ಜ್ವರ ಬಂತು, ಯಾರು ಕೈ ತೊಳೆಯದೆ ರೋಗಿಯನ್ನು ಮುಟ್ಟಿದರು ಎಂದು ಬರೆದಿಡುವುದು. ಬೆಡ್‌ಶೀಟು ಎಣಿಸುವವಳ ಹಾಗೆ ನಟಿಸುತ್ತ ನಿಂತು ಎಲ್ಲರ ಕೈಗಳನ್ನೇ ನೋಡುತ್ತೇನೆ. "ಸಿಐಡಿ ಬಂದ್ಲು, ಕೈ ತೊಳ್ಕೊಳ್ರಪ್ಪಾ" ಎಂದು ದೊಡ್ಡ ಡಾಕ್ಟರೇ ತಮಾಷೆ ಮಾಡುತ್ತಾರೆ. ದಾಖಲಾಗಿ ಎರಡು ದಿನ ಕಳೆದ ಮೇಲೆ ಬಂದ ಸೋಂಕು ಆಸ್ಪತ್ರೆಯೇ ಕೊಟ್ಟದ್ದು ಎಂದು ನಮ್ಮ ನಿಯಮ. ಅಪ್ಪನಿಗೆ ಬಂದದ್ದು ಆರನೇ ದಿನ. ಮೂರನೇ ಹಾಸಿಗೆಯವರಲ್ಲಿ ಸಿಕ್ಕ ಕ್ರಿಮಿಯೇ ಆರನೇ ಹಾಸಿಗೆಯ ಅಪ್ಪನಲ್ಲೂ ಸಿಕ್ಕಿದೆ. ಎರಡೂ ಹಾಸಿಗೆ ನೋಡಿಕೊಳ್ಳುವುದು ಕನ್ನಡಕದ ಸಿಸ್ಟರ್, ಹಾಗಾಗಿ ಎಲ್ಲರೂ ಅವರತ್ತಲೇ ಬೆರಳು ತೋರಿಸುತ್ತಿದ್ದಾರೆ. ಹದಿನೆಂಟು ವರ್ಷ ಇಲ್ಲೇ ದುಡಿದವರು ನಿನ್ನೆ ನನ್ನ ಮುಂದೆ ಅತ್ತುಬಿಟ್ಟರು. "ನಾನು ತೊಳ್ದಿದ್ದೆ ಕಣೇ, ನೀನೇ ನೋಡ್ತಿದ್ಯಲ್ಲ" ಅಂದರು. ನೋಡಿದ್ದೆ ಅಕ್ಕಾ. ನಾಳೆ ಹತ್ತು ಗಂಟೆಗೆ ನಾನು ವರದಿ ಕೊಡಬೇಕು, ಅವರ ಕೆಲಸ ಉಳಿಯುವುದು ಅದರ ಮೇಲೆ ನಿಂತಿದೆ. ಈ ಕೋಣೆಯ ಬಾಗಿಲು ತೆರೆದೇ ಇದೆ, ಆದರೂ ವರದಿ ಮುಂದಿಟ್ಟುಕೊಂಡು ಕೂತವಳಿಗೆ ಕುರ್ಚಿಯಿಂದ ಏಳಲಾಗುತ್ತಿಲ್ಲ.

ಭಾವನಿಗೆ ನಮಸ್ಕಾರ. ಹೊಟ್ಟೆಯೊಳಗಿನ ಪುಟಾಣಿಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ

ತಾ.ಕ.: ಭಾನುವಾರ ರಜೆಯಿದ್ದರೂ ಅಪ್ಪನನ್ನು ನೋಡಲು ಹೋಗಿದ್ದೆ. ದಾರಿಯಲ್ಲಿ ಅಭ್ಯಾಸಬಲದಿಂದ ಮೂರನೇ ಹಾಸಿಗೆಯವರ ಬ್ಯಾಂಡೇಜು ಮುಟ್ಟಿ ನೋಡಿದೆ. ಅಷ್ಟರಲ್ಲಿ ಅಪ್ಪ ನಿದ್ದೆಗಣ್ಣಿನಲ್ಲಿ ಟ್ಯೂಬು ಎಳೆಯಲು ಹೋದರು. ಓಡಿಹೋಗಿ ಹಿಡಿದೆ, ಟ್ಯೂಬಿನ ಮೇಲಿಂದ ಬಿಟ್ಟುಕೊಂಡಿದ್ದ ಪ್ಲಾಸ್ಟರನ್ನು ಬರಿಗೈಯಿಂದ ಒತ್ತಿ ಅಂಟಿಸಿದೆ. ಕೈ ತೊಳೆದಿರಲಿಲ್ಲ. ಮಗಳಾಗಿ ಹೋಗಿದ್ದೆನಲ್ಲ, ನನ್ನ ಕೈ ನೋಡುವವರು ಯಾರೂ ಇರಲಿಲ್ಲ. ವರದಿಯಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ. ಕೆಲಸ ಹೋಗಬಹುದು, ನೀನು ಬೈಯಬಹುದು. ಆದರೆ ಅಪ್ಪನಿಗೆ ಏನೆಂದು ಹೇಳಲಿ? ಜ್ವರ ಬಂದಾಗಿನಿಂದ ಬೇರೆ ಯಾರು ನೀರು ಕೊಟ್ಟರೂ ಬಾಯಿ ತೆರೆಯುವುದಿಲ್ಲ. "ಚಿಕ್ಕವಳೆಲ್ಲಿ, ಅವಳ ಕೈಯಿಂದ್ಲೇ ಕೊಡ್ಸಿ" ಅನ್ನುತ್ತಾರೆ.