ನೀಲಗಂಗವ್ವನ ಗದ್ದದ ಚುಕ್ಕಿಗಳು

ಬೆಟಗೇರಿ
ಫೆಬ್ರುವರಿ ೩೦, ೨೦೯೮

ಚಿತ್ರ ತಿದ್ದಲು ಕಲಿಯುತ್ತಿರುವ ನಿಮಗೆ,

ಮೇಲಿನ ತಾರೀಖನ್ನು ಕೈತಪ್ಪು ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸಮ ಮಾಡಿ, ಮಿಕ್ಕ ದಿನಗಳನ್ನು ಬೇಸಿಗೆಯ ರಜೆಗೆ ಸೇರಿಸಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ತೀರ ಹೊಸತೆನಿಸಬಹುದು, ಕೆಲವು ತೀರ ಹಳತೆನಿಸಬಹುದು. ಎರಡಕ್ಕೂ ಕ್ಷಮೆ ಇರಲಿ. ಕನ್ನಡ ಎಂ.ಎ. ಮುಗಿಸಿ ನನಗೆ ಎರಡು ವರ್ಷವಾಯಿತು. ಎದುರಿಗೆ ಯಾರಾದರೂ ನಿಂತರೆ ಮಾತು ಗಂಟಲಲ್ಲೇ ಉಳಿಯುವ ಸ್ವಭಾವ ನನ್ನದು. ಎಪ್ಪತ್ತು ಚಿಲ್ಲರೆ ವರ್ಷ ಹಿಂದಿರುವ, ಮುಖ ಕಾಣದ ನಿಮಗೆ ಬರೆಯುವುದು ಅದಕ್ಕಿಂತ ಸುಲಭ. ಈ ಪತ್ರ ನಿಮ್ಮ ಕೈ ಸೇರುವುದು ಹೇಗೆಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ.

ನಾನು ಕೆಲಸ ಮಾಡುವುದು ನಮ್ಮ ಓಣಿಯ ಬಿಂಬಸಾಲೆಯಲ್ಲಿ. ನಿಮ್ಮ ಕಾಲದ ನಂತರ ಕೆಲವು ವರ್ಷ ಯಂತ್ರಗಳು ಎಷ್ಟು ಚಿತ್ರಗಳನ್ನು ಹುಟ್ಟಿಸಿದವೆಂದರೆ, ಮದುವೆಯ ಫೋಟೊ ತೋರಿಸಿದರೂ ಜನ ನಂಬದಂತಾದರು. ಆ ಕಾಲವನ್ನು ನಾವು ಹುಸಿವರ್ಷಗಳು ಎನ್ನುತ್ತೇವೆ. ಅವು ಮುಗಿದ ಮೇಲೆ ಊರೂರಿಗೆ ಬಿಂಬಸಾಲೆಗಳು ಬಂದವು. ಇಲ್ಲಿ ಒಂದು ಬಿಂಬಕ್ಕೆ ಒಂದೇ ಕಡತ, ನಕಲು ಇಡುವಂತಿಲ್ಲ. ಚಿತ್ರವನ್ನು ಕೈಯಿಂದಲೇ ತಿದ್ದಬೇಕು. ಅದಕ್ಕೆ ಬಳಸುವುದು ನೀವು ದುಡ್ಡು ಕೊಡದೆ ಇಳಿಸಿಕೊಳ್ಳುತ್ತಿರುವ ಅದೇ ತಂತ್ರಾಂಶ. ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾಗಿದ್ದರಿಂದ, ಯಾರಾದರೊಬ್ಬರು ಅದನ್ನು ದುರಸ್ತಿ ಮಾಡುತ್ತಲೇ ಬಂದರು. ಪದರಗಳನ್ನು ನಾವೂ ಪದರವೆಂದೇ ಕರೆಯುತ್ತೇವೆ. ನೀವು ಮಾಸ್ಕ್ ಎನ್ನುವುದು ನಮ್ಮ ಬಾಯಲ್ಲಿ ಮರೆ. ಕಪ್ಪು ಬಳಿದರೆ ಮುಚ್ಚುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ, ಏನೂ ಅಳಿಯುವುದಿಲ್ಲ. ನನ್ನ ಗುರು ಫಕೀರೇಶ ಮಾಸ್ತರು ಮೊದಲ ವಾರ ಇದೊಂದನ್ನೇ ಕಲಿಸಿದರು. ಒಂದು ಮಾವಿನಹಣ್ಣನ್ನು ಮುಚ್ಚುವುದು, ತೆರೆಯುವುದು. ಊಟದ ಹೊತ್ತಿಗೆ ನೆರಳುದಾರಿಯಲ್ಲಿ, ಅಂದರೆ ಬಿಸಿಲಿಗಾಗಿ ಮೇಲೆ ಚಾವಣಿ ಹಾಕಿದ ರಸ್ತೆಯಲ್ಲಿ, ಮನೆಗೆ ಹೋಗುವಾಗ ಎದುರಿಗೆ ಬಂದವರ ಕೂದಲಿನ ಅಂಚನ್ನು ನೋಡುತ್ತ ಹೋಗುತ್ತಿದ್ದೆ. ಚಿತ್ರದಲ್ಲಿ ಬಿಡಿಸಲು ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ಸಾಲೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ತಿದ್ದಿದ ಚಿತ್ರವನ್ನು ಮನೆಗೆ ಕೊಡುವ ಮುನ್ನ ಪದರವಾಚನ ಆಗಬೇಕು. ಗೋಡೆಯ ಮೇಲೆ ಚಿತ್ರವನ್ನು ದೊಡ್ಡದಾಗಿ ಬಿಟ್ಟು, ಯಾವ ಪದರದಲ್ಲಿ ಏನು ಸೇರಿಸಿದೆ, ಏನು ತೆಗೆದಿದೆ ಎಂದು ತಿದ್ದಿದವರೇ ಓಣಿಯವರ ಮುಂದೆ ಗಟ್ಟಿಯಾಗಿ ಓದಬೇಕು. ನೆನಪಿನಿಂದ ಬರೆದ ಪದರವಾದರೆ, ನೆನಪಿಟ್ಟವರು ಎದ್ದು ನಿಂತು ಹೌದೆನ್ನಬೇಕು. ಹಾಗೆನ್ನುವವರೆಗೆ ಚಿತ್ರ ಸಾಲೆಯಲ್ಲೇ ಉಳಿಯುತ್ತದೆ.

ಕಳೆದ ತಿಂಗಳು ಲಾಸ್ಯವ್ವ ಬಂದರು. ನಿಮಗೆ ಕೂಸಿನ ಹೆಸರೆನಿಸುವುದು ನಮಗೆ ಅಜ್ಜಿಯ ಹೆಸರು, ಅವರಿಗೆ ಎಂಬತ್ತೊಂದು. (ನನ್ನ ಹೆಸರು ಹೊನ್ನವ್ವ. ನನ್ನ ಓರಗೆಯವರಿಗೆಲ್ಲ ಇಂಥವೇ.) ಅವರ ಕೈಯಲ್ಲಿ ಕಟ್ಟು ಹಾಕಿದ ಒಂದು ಫೋಟೊ ಇತ್ತು. ಅವರ ತಂದೆಯ ತಾಯಿ ನೀಲಗಂಗವ್ವ, ಎಪ್ಪತ್ತೆರಡರ ವಯಸ್ಸಿನಲ್ಲಿ ಮನೆಯ ಕಟ್ಟೆಯ ಮೇಲೆ ಕೂತಿದ್ದು. ಲಾಸ್ಯವ್ವನನ್ನು ಬೆಳೆಸಿದ್ದು ಆಕೆಯೇ. ಆಕೆಯದೆಂದು ಉಳಿದಿದ್ದ ಚಿತ್ರ ಅದೊಂದೇ.

"ಆಯಿ ಬಾಜೂಕ ನನ್ನನ್ನ ಕುಂದರ್ಸವಾ," ಎಂದರು. "ಸಣ್ಣ ಹುಡುಗಿ ಮಾಡಿ ಅಲ್ಲ. ಈಗ ಹೆಂಗದೀನಿ ಹಂಗ. ಈಗ ನಾ ಆಕಿಗಿಂತ ಒಂಬತ್ತು ವರ್ಷ ದೊಡ್ಡಾಕಿ. ಇಬ್ಬರೂ ಮುದುಕ್ಯಾರು ಜೋಡಿ ಕುಂತಂಗ ಕಾಣಬೇಕು." ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಗದ್ದದ ಮ್ಯಾಲ ಕಲಿ ಐತಿ, ಅದನ್ನ ನೋಡ್ಕೊ," ಎಂದರು.

ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಬಣ್ಣ ಗಾಜಿಗೇ ಹೋಗುತ್ತದೆಂದು ಮಾಸ್ತರಿಗೆ ಗೊತ್ತಿತ್ತು. ಆದರೆ ಬೂಷ್ಟು ಒಳಗೊಳಗೇ ತಿನ್ನುತ್ತಿದ್ದುದರಿಂದ, ಅಂಟಿದ್ದಂತೆಯೇ ಬಿಂಬ ತೆಗೆದು ಆಮೇಲೆ ಬಿಡಿಸಿದರು. ಕೈಯಲ್ಲಿ ಉಳಿದದ್ದು ಬಿಳಿ ಕಾಗದ, ಗಾಜಿನ ಮೇಲೆ ಉಳಿದದ್ದು ಗುರುತು ಸಿಗದ ಬಣ್ಣದ ಚೂರು. ನೀಲಗಂಗವ್ವ ಇನ್ನು ನನ್ನ ಕಡತದಲ್ಲಿ ಮಾತ್ರ ಇದ್ದಳು.

ಹನ್ನೊಂದು ದಿನ ಕೆಲಸ ಮಾಡಿದೆ. ಮೂಲ ಪದರವನ್ನು ಹಾಗೇ ಬಿಟ್ಟು ಅದರ ಪ್ರತಿ ಮಾಡಿಕೊಳ್ಳುವುದು ಮೊದಲ ಪಾಠ, ಮಾಡಿಕೊಂಡೆ. ಲಾಸ್ಯವ್ವನ ಚಿತ್ರವನ್ನು ಬೇರೆಯಾಗಿ ತೆಗೆದು, ಬಿಸಿಲು ಎಡಗಡೆಯಿಂದಲೇ ಬೀಳುವಂತೆ ಕೂರಿಸಿದೆ. ಕಟ್ಟೆಯ ಮೇಲೆ ನೆರಳಿಲ್ಲದ ಕಾರಣ ಅವರು ತೇಲುವಂತೆ ಕಾಣುತ್ತಿದ್ದರು; ಹೊಸ ಪದರದಲ್ಲಿ ನೆರಳು ಬರೆದು ಮಸುಕು ಮಾಡಿದಾಗ ಭಾರವಾಗಿ ಕೂತರು. ಹಳೆಯ ಫೋಟೊದ ಹಳದಿಯನ್ನು ಹೊಸದಕ್ಕೂ ಸ್ವಲ್ಪ ಹಚ್ಚಿದೆ. ನೀಲಗಂಗವ್ವನ ಮುಖದ ಬೂಷ್ಟನ್ನು ಪಕ್ಕದ ಚರ್ಮದಿಂದ ತುಂಬುತ್ತ ಬಂದೆ. ಗದ್ದದ ಮೇಲೆ ಹಸಿರುಗಪ್ಪಾದ ಮಚ್ಚೆಗಳಿದ್ದವು, ಲಾಸ್ಯವ್ವ ಕಲಿ ಎಂದಿದ್ದ ಕಲೆ ಇದೇ ಎಂದುಕೊಂಡು ಅವನ್ನೂ ತೆಗೆದೆ. ಕೊನೆಯ ದಿನ ಕಡತ ಒಪ್ಪ ಮಾಡುವಾಗ ನೋಡಿದರೆ ಒಂದೇ ಮುಖದ ಎರಡು ಪದರ. ಬರಹದಲ್ಲಿ ಒಂದೇ ಮಾತು ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕುವುದು ನನಗೆ ಅಭ್ಯಾಸವಾಗಿತ್ತು. ಕೆಳಗಿನದನ್ನು ಅಳಿಸಿ, ಕಡತವನ್ನು ಹಾಗೆಯೇ ಉಳಿಸಿಟ್ಟು ಮುಚ್ಚಿದೆ.

ಪದರವಾಚನಕ್ಕೆ ಮೂವತ್ತು ಜನ ಸೇರಿದ್ದರು. ಚಿತ್ರ ಗೋಡೆಯ ಮೇಲೆ ಬಂದಾಗ ಯಾರೋ "ಅಕ್ಕತಂಗ್ಯಾರ ಕುಂತಂಗ ಐತಲ್ಲೊ," ಎಂದರು. ನಾನು ಚೀಟಿಯ ಮೇಲಿಂದ ಕಣ್ಣೆತ್ತದೆ ಓದಿದೆ. "ಒಂದನೆಯ ಪದರ, ನೀಲಗಂಗವ್ವ, ಹಳೆಯ ಫೋಟೊದಿಂದ. ಬೂಷ್ಟು ತೆಗೆದಿದೆ. ಗದ್ದದ ಮೇಲಿನ ಕಲೆ ತೆಗೆದಿದೆ."

"ಏನ ತಗದಿ ಅಂದಿ?" ಲಾಸ್ಯವ್ವ ಕೇಳಿದರು.

"ಕಲೆ, ಅಜ್ಜಿ. ನೀವ ಹೇಳಿದ್ರಲ್ಲ, ಅದನ್ನ ನೋಡ್ಕೊ ಅಂತ."

"ನೋಡ್ಕೊ ಅಂದ್ರ ತಗದಬಿಡು ಅಂತನ? ನಮ್ಮ ಬೆಕ್ಕು ನೋಡ್ಕೊ ಅಂದಿದ್ರ ಏನ ಮಾಡ್ತಿದ್ದಿ?"

ಜನ ನಕ್ಕರು. ಲಾಸ್ಯವ್ವ ನಗದೆ ಗೋಡೆಯ ಹತ್ತಿರ ಹೋಗಿ ನಿಂತರು. "ನಮ್ಮ ಆಯಿ ಗದ್ದ ಹಿಂಗ ಬೋಳ ಇರಲಿಲ್ಲವಾ," ಎಂದರು ಮೆಲ್ಲಗೆ.

ಅದು ಹಚ್ಚೆ. ನಿಮ್ಮ ಕಾಲದ ಮುದುಕಿಯರ ಮುಖದ ಮೇಲೆ ಅದನ್ನು ನೀವು ಕಂಡಿರುತ್ತೀರಿ. ನಾನು ಪುಸ್ತಕದಲ್ಲಿ ಪದ ಓದಿದ್ದೆ, ಚರ್ಮದ ಮೇಲೆ ಕಂಡಿರಲಿಲ್ಲ. ಲಾಸ್ಯವ್ವ ನಾಲ್ಕು ವರ್ಷದವರಿದ್ದಾಗ ಆಯಿಯ ಸೀರೆಯ ಸೆರಗನ್ನು ಒದ್ದೆ ಮಾಡಿ ಆ ಚುಕ್ಕಿಗಳನ್ನು ಒರೆಸಲು ಹೋಗಿದ್ದರಂತೆ. "ಆಯಿ, ಕಲಿ ಹೋಗವಲ್ದು," ಎಂದಿದ್ದಕ್ಕೆ ಆಕೆ ನಕ್ಕು, "ಕಲಿನ ಐತಿ ಬಿಡು. ಸೂಜಿ ಹಿಡಕೊಂಡು ಬಂದಾಕಿ ಕಲಿ," ಎಂದಿದ್ದಳಂತೆ. ಅಂದಿನಿಂದ ಆ ಮನೆಯಲ್ಲಿ ಅದರ ಹೆಸರು ಕಲೆ. ಈ ಪದಕ್ಕೆ ಎರಡು ಅರ್ಥವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು.

"ಕೆಳಗಿನ ಪದರ ತೋರ್ಸು, ಹೊನ್ನವ್ವ," ಎಂದರು ಮಾಸ್ತರು.

"ಎರಡೂ ಒಂದ ಇದ್ದಂಗ ಕಂಡ್ವು ಸರ. ಅದಕ್ಕ..."

ಅವರು ಕಡತದ ಪದರಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ಎಂ.ಎ. ಓದಿದವರ ಕೈಯಾಗ ಕತ್ತರಿ ಕೊಡಬಾರದ ನೋಡು," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಲಾಸ್ಯವ್ವ ಮರುದಿನ ಬಂದರು. ಜೊತೆಯಲ್ಲಿ ಕಾಡಿಗೆಯ ಡಬ್ಬಿ ತಂದಿದ್ದರು. "ಬಾ ಇಲ್ಲೆ. ನಿನ್ನ ಗದ್ದ ಕೊಡು," ಎಂದರು. ಕಣ್ಣು ಮುಚ್ಚಿ, ಬೆರಳಿನ ತುದಿಯಿಂದ ನನ್ನ ಗದ್ದದ ಮೇಲೆ ಚುಕ್ಕಿ ಇಟ್ಟರು: ತುಟಿಯ ಕೆಳಗೆ ಒಂದು, ಅದರ ಕೆಳಗೆ ಎರಡು, ಮತ್ತೆರಡು. ಚಿಕ್ಕವರಿದ್ದಾಗ ತೊಡೆಯ ಮೇಲೆ ಕೂತು ಮುಟ್ಟಿ ಮುಟ್ಟಿ ನೋಡಿದ್ದ ಬೆರಳು ಅದು. ನಾನು ಕನ್ನಡಿ ನೋಡಿಕೊಂಡು ಆ ಐದನ್ನು ಹೊಸ ಪದರದಲ್ಲಿ ಬರೆದು, ಪದರಕ್ಕೆ "ಲಾಸ್ಯವ್ವನ ಬೆರಳಿನಿಂದ, ಫೋಟೊದಿಂದಲ್ಲ" ಎಂದು ಹೆಸರಿಟ್ಟೆ.

ಮೂರು ದಿನ ಬಿಟ್ಟು ಮತ್ತೆ ಬಂದರು. "ನಡುವ ಇನ್ನೊಂದು ಇತ್ತೇನೊ," ಎಂದರು. ಆರನೆಯದನ್ನು ಬೇರೆ ಪದರದಲ್ಲಿಟ್ಟೆ. ತೋರಿಸಿದೆ, ಮುಚ್ಚಿದೆ, ಮತ್ತೆ ತೋರಿಸಿದೆ. ಅವರು ನೋಡುತ್ತಲೇ ಕೂತರು.

"ಐದು ಇದ್ರೂ ಆಕಿನ ಕಾಣ್ತಾಳ, ಆರು ಇದ್ರೂ ಆಕಿನ ಕಾಣ್ತಾಳ," ಎಂದರು. "ಆದ್ರ ಒಂದು ಸುಳ್ಳು ಅಲ್ಲನು? ಎದ್ದು ನಿಂತು ಹೌದು ಅಂತ ಹೆಂಗ ಅನ್ಲಿ?"

ನಿಮ್ಮ ನೆನಪಷ್ಟೇ ಸಾಕು ಎಂದು ಮಾಸ್ತರು ಹೇಳಿ ನೋಡಿದರು. ಲಾಸ್ಯವ್ವ ಒಪ್ಪಲಿಲ್ಲ. ವಾಚನ ಮುಗಿಯದ ಚಿತ್ರ ಸಾಲೆಯ ಗೋಡೆಯ ಮೇಲಿದೆ. ಅವರು ದಿನವೂ ಪೇಟೆಗೆ ಹೋಗುವಾಗ ಒಳಗೆ ಬಂದು, ಇಬ್ಬರು ಮುದುಕಿಯರನ್ನು ನೋಡಿ ಹೋಗುತ್ತಾರೆ.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನೀವು ಮರೆಗಳನ್ನೂ ನೆರಳುಗಳನ್ನೂ ನನಗಿಂತ ಚೆನ್ನಾಗಿ ಕಲಿಯುತ್ತೀರಿ, ಅದರ ಬಗ್ಗೆ ನನಗೆ ಹೇಳುವುದೇನಿಲ್ಲ. ಮೂಲ ಪದರವನ್ನು ಮಾತ್ರ ಅಳಿಸಬೇಡಿ. ಗುರುತಿಲ್ಲದ ಮುಖದ ಮೇಲಿಂದ ಏನನ್ನಾದರೂ ತೆಗೆಯುವ ಮುನ್ನ, ಆ ಮುಖವನ್ನು ಬಲ್ಲವರನ್ನು ಒಂದು ಮಾತು ಕೇಳಿ.

ಇನ್ನೊಂದು ಕೋರಿಕೆ ಇದೆ. ಇದನ್ನು ನೀವು ಓದುವ ಹೊತ್ತಿಗೆ ನೀಲಗಂಗವ್ವ ಬದುಕಿದ್ದಾಳೆ. ಲಾಸ್ಯವ್ವನಿಗೆ ಎಂಟೋ ಒಂಬತ್ತೋ ವರ್ಷ. ಅವರಿಗೆ ಹನ್ನೊಂದಾದಾಗ ಆಯಿ ತೀರಿಕೊಂಡಳೆಂದು ಅವರೇ ಹೇಳಿದ್ದಾರೆ, ಹಾಗಾಗಿ ಸಮಯ ಹೆಚ್ಚಿಲ್ಲ. ಬೆಟಗೇರಿಯ ಕಡೆ ನಿಮ್ಮವರು ಯಾರಾದರೂ ಇದ್ದರೆ, ಮಗ್ಗದ ಸದ್ದು ಕೇಳುವ ಓಣಿಗಳಲ್ಲಿ ಕಟ್ಟೆಯ ಮೇಲೆ ಕೂತ ಮುದುಕಿಯನ್ನೂ, ಪಕ್ಕದಲ್ಲಿ ಲಾಸ್ಯ ಎಂಬ ಹುಡುಗಿಯನ್ನೂ ಹುಡುಕಲಿ. ಫೋಟೊ ತೆಗೆದರೆ ಒಳ್ಳೆಯದು. ಆದರೆ ಫೋಟೊ ಉಳಿಯುತ್ತದೆಂಬ ಭರವಸೆ ನನಗಿಲ್ಲ. ಅದಕ್ಕೇ ಆ ಹುಡುಗಿಗೆ ಒಂದು ಕೆಲಸ ಹೇಳಲಿ. ಆಯಿಯ ಗದ್ದದ ಮೇಲೆ ಬೆರಳಿಟ್ಟು, ಒಂದೊಂದಾಗಿ, ಗಟ್ಟಿಯಾಗಿ ಎಣಿಸಲು ಹೇಳಲಿ. ಮುಗಿದ ಮೇಲೆ ಮತ್ತೊಮ್ಮೆ ಎಣಿಸಲು ಹೇಳಲಿ.

ಇಂತಿ,
ಹೊನ್ನವ್ವ ತಳಕಲ್ಲ