ಬಲಗಡೆಯ ಹುಬ್ಬಿನ ಗುಳ್ಳೆಗಳು

ಮಗಳೇ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಹಾಗೆಯೇ ಆಫೀಸಿಗೆ ಹೋಗುತ್ತೇನೆ.

ಮೊನ್ನೆ ನೀನು ಪಾರ್ಲರ್ ಪರೀಕ್ಷೆಯ ಅಭ್ಯಾಸಕ್ಕೆಂದು ಥ್ರೆಡಿಂಗ್ ಮಾಡಿದ ಬಲಗಡೆಯ ಹುಬ್ಬಿನ ಸುತ್ತ ಸಣ್ಣ ಸಣ್ಣ ಕೀವುಗುಳ್ಳೆಗಳು ಎದ್ದಿವೆ. "ಸ್ವಲ್ಪ ಕೆಂಪಾಗುತ್ತೆ ಅತ್ತೆ, ಸಂಜೆಯೊಳಗೆ ಹೋಗುತ್ತೆ" ಅಂದಿದ್ದೆ. ಹೋಗಲಿಲ್ಲ. ಇದು ದಾರದಿಂದಲೋ, ನೀನು ಆ ದಾರವನ್ನು ಹಲ್ಲಲ್ಲಿ ಕಚ್ಚಿದ್ದರಿಂದಲೋ, ಉರಿ ತಾಳಲಾರದೆ ನಾನು ಕದ್ದು ಹಚ್ಚಿಕೊಂಡ ನಿನ್ನ ಗಂಡನ ಶೇವಿಂಗ್ ಲೋಷನ್ನಿನಿಂದಲೋ, ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಲೋಷನ್ ವಿಷಯ ಅವನಿಗೆ ಹೇಳಬೇಡ.

ನಿನ್ನೆ ಆಫೀಸಿನ ಕ್ಯಾಷಿಯರಮ್ಮ ಪಕ್ಕಕ್ಕೆ ಕರೆದು, "ಮನೇಲಿ ಸೊಸೆ ಏನಾದ್ರೂ ಕೈ ಮಾಡಿದ್ಲಾ?" ಅಂದಳು. ನಗಬೇಕೋ ಜಗಳವಾಡಬೇಕೋ ಗೊತ್ತಾಗದೆ, "ಹೌದು, ಪರೀಕ್ಷೆಗೆ ತಯಾರಿ ಮಾಡ್ಕೋತಿದ್ಲು" ಅಂದುಬಿಟ್ಟೆ.

ಪಲ್ಯ ಒಲೆಯ ಮೇಲಿದೆ. ಉಪ್ಪು ಹಾಕಿದೆನೋ ಇಲ್ಲವೋ, ರುಚಿ ನೋಡು.

ಬ್ಯೂಟಿಪಾರ್ಲರ್ ಕೋರ್ಸ್ ಬಿಟ್ಟುಬಿಡುತ್ತೇನೆ ಅಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಸೋಮವಾರದ ಪರೀಕ್ಷೆಗೆ ಹೋಗಲೇಬೇಕು. ನನ್ನ ಎಡಗಡೆಯ ಹುಬ್ಬು ಇನ್ನೂ ಪೊದೆಯಂತೆಯೇ ಇದೆ. ಡಾಕ್ಟರ್ ಬೇಡವೆಂದರೆ ನಿನ್ನ ಮಾವನನ್ನು ಕೂರಿಸೋಣ. ಅವರಿಗೆ ಇನ್ನೂ ಹೇಳಿಲ್ಲ.

ಸಂಜೆ ಹೊಸ ದಾರದ ಉಂಡೆ ತರುತ್ತೇನೆ. ಸೋಪು ಹಾಕಿ ಕೈ ತೊಳೆದುಕೊಂಡು ಸಿದ್ಧವಾಗಿರು.

— ಅತ್ತೆ