ಮುಯ್ಯಿಗೆ ಹೋದ ನಕ್ಷೆ

ಪಾಳ್ಯ, ಆಲೂರು ತಾಲ್ಲೂಕು
೩ ಮಾರ್ಚ್ ೧೯೯೯

ಪ್ರೀತಿಯ ತಮ್ಮ ಬಾಲುವಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಾ? ಹೋಟೆಲ್ ಊಟದಿಂದ ಹೊಟ್ಟೆ ಕೆಟ್ಟಿದೆ ಎಂದಿದ್ದೆ, ಈಗ ವಾಸಿಯೇ? ಮಂಗಳೂರಿನ ಸೆಕೆಗೆ ಮಜ್ಜಿಗೆ ಕುಡಿ, ನಾನು ಹೇಳಿದರೆ ನೀನು ಕೇಳುವವನಲ್ಲ ಅನ್ನುವುದೂ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಾನು ಮಾತ್ರ ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಇದು ಮೂರನೆಯ ಹಾಳೆ. ಮೊದಲೆರಡು ಒಲೆಗೆ ಹೋದವು.

ನಿನ್ನ ಕಾಗದ ಸೋಮವಾರ ಬಂತು. "ಗೊಂಚಲಿನಿಂದ ಕಾಳುಮೆಣಸು ಬಿಡಿಸುವ ನನ್ನ ಮಿಷನ್ನಿನ ನಕ್ಷೆಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು, ವರ್ಕ್‌ಶಾಪಿನ ಯಜಮಾನರು ಅದನ್ನು ಮಾಡಿ ಮಾರುತ್ತಾರೆ, ನನ್ನನ್ನು ಪಾಲುದಾರನನ್ನಾಗಿ ಸೇರಿಸಿಕೊಳ್ಳುತ್ತಾರೆ" ಎಂದು ಬರೆದಿದ್ದೀಯಾ. ಓದಿ ಹೆಮ್ಮೆಯಿಂದ ಕಣ್ಣು ತುಂಬಿತು. ಆದರೆ "ನಕ್ಷೆ ಬೇರೆ ಯಾರ ಕೈಗೂ ಸಿಕ್ಕಿಲ್ಲ ತಾನೇ?" ಎಂದು ಅಡಿಗೆರೆ ಎಳೆದು ಕೇಳಿದ್ದೀಯಲ್ಲ, ಆ ಸಾಲಿಗೆ ಏನು ಬರೆಯಲಿ?

ಕೋಪ ಮಾಡಿಕೊಳ್ಳದೆ ಪೂರ್ತಿ ಓದು. ನೀನು ಬಿಟ್ಟುಹೋದ ಮಿಷನ್ನು ನಮ್ಮ ಕಣದಲ್ಲೇ ನಿಲ್ಲಲಿಲ್ಲ. ನಾಟಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಹಾಗೆ ಅದೂ ನಮ್ಮ ಮಹಿಳಾ ಸಂಘದ ಹನ್ನೊಂದು ಮನೆಗೂ ಹೋಗಿಬಂತು. ಪಕ್ಕದ ಮನೆ ಚೌಡಮ್ಮತ್ತೆ ಪ್ರತಿವರ್ಷ ಹಸಿ ಮೆಣಸು ತುಳಿದು, ಉರಿಯುವ ಅಂಗಾಲನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ನಮ್ಮನ್ನೆಲ್ಲ ಬೈಯುತ್ತಿದ್ದರಲ್ಲ, ಈ ಸಲ "ನನ್ ಕಾಲು ನನ್ಗೇ ವಾಪಸ್ ಬಂತು ಕಣವ್ವ" ಎಂದರು. ಅವರ ಮಗಳನ್ನು ವನಗೂರಿಗೆ ಕೊಟ್ಟಿದೆ. ಅವಳು "ನಮ್ ಕಡೆ ಹೆಂಗಸ್ರಿಗೆ ಕಾಲಿಲ್ವಾ ಸುಚಿತ್ರಕ್ಕ?" ಎಂದು ಕೇಳಿಯೇಬಿಟ್ಟಳು. ಜನವರಿಯಲ್ಲೇ ಆಲೂರಿಗೆ ಹೋಗಿ ನಕ್ಷೆ ಜೆರಾಕ್ಸ್ ಮಾಡಿಸಿ ಅವಳ ಕೈಗೆ ಕೊಟ್ಟೆ. ಸಂಘದವರು ಹಾಕಿದ್ದು ಒಂದೇ ಕರಾರು: ಯಾರು ಬೇಕಾದರೂ ಮಿಷನ್ನು ಮಾಡಿಕೊಳ್ಳಲಿ, ಆದರೆ ಅದನ್ನು ಸುಧಾರಿಸಿದರೆ ಮುಚ್ಚಿಡದೆ ನಮಗೂ ಬಂದು ತೋರಿಸಬೇಕು.

ಆಗ ನಿನ್ನ ಪಾಲುದಾರಿಕೆಯ ಮಾತು ಇನ್ನೂ ಹುಟ್ಟಿರಲಿಲ್ಲ. ಆದರೂ ನಿನ್ನನ್ನು ಕೇಳದೆ ಕೊಟ್ಟದ್ದು ತಪ್ಪು, ಒಪ್ಪುತ್ತೇನೆ. ಕೊಟ್ಟೆನಲ್ಲಾ ಎಂಬ ಪಶ್ಚಾತ್ತಾಪ ಮಾತ್ರ ಎಷ್ಟು ಹುಡುಕಿದರೂ ಬರುತ್ತಿಲ್ಲ. ಬೆಳಗಿನಿಂದ ಅಡುಗೆಮನೆಗೂ ಜಗುಲಿಗೂ ಓಡಾಡಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ. ನಿನ್ನ ಭಾವ ಪಾಪ, ಅದಕ್ಕೇ ಮೊಸರು ಕಲಸಿಕೊಂಡು ಉಂಡರು. ಯಜಮಾನರ ಹತ್ತಿರ ವಿಷಯ ಮುಚ್ಚಿಟ್ಟು ಸಹಿ ಹಾಕಬೇಡ ಬಾಲು. ಅಕ್ಕ ಹೀಗೆ ಮಾಡಿಬಿಟ್ಟಳು ಎಂದು ನನ್ನ ಮೇಲೇ ಹಾಕು. ಪಾಲುದಾರಿಕೆ ತಪ್ಪಿಹೋದರೆ ನಿನ್ನ ಮುಖ ಹೇಗೆ ನೋಡಲಿ ಎಂದು ಹೆದರಿಕೆಯಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆದೇವರು ನಿನ್ನನ್ನು ಕಾಯಲಿ.

ಬೈಸಿಕೊಳ್ಳಲು ಕಾದಿರುವ ಅಕ್ಕ,
ಸುಚಿತ್ರಾ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ವನಗೂರಿನ ಕಮ್ಮಾರ ಶಿವಯ್ಯನವರು ಆ ಜೆರಾಕ್ಸ್ ನೋಡಿ ಮಾಡಿದ ತಮ್ಮ ಮಿಷನ್ನನ್ನು ಜೀಪಿನಲ್ಲಿ ಹೇರಿಕೊಂಡು ಬಂದರು, ಕರಾರಿನಂತೆ ತೋರಿಸಲು. ಹಸಿ ಕಾಳು ಜಜ್ಜಿಹೋಗುತ್ತದೆಂದು ನೀನು ಎರಡು ವರ್ಷ ತಲೆ ಕೆಡಿಸಿಕೊಂಡೆಯಲ್ಲ, ಅವರು ಉರುಳೆಗೆ ಹಳೇ ಸೈಕಲ್ ಟಯರ್ ಸುತ್ತಿದ್ದಾರೆ, ಅಷ್ಟೇ. ಒಂದು ಬುಟ್ಟಿ ಹಾಕಿ ತಿರುಗಿಸಿದೆವು, ಒಂದು ಕಾಳೂ ಒಡೆಯಲಿಲ್ಲ. "ಇದ್ನ ನಿಮ್ ತಮ್ಮನ್ ನಕ್ಷೇಲೂ ಬರ್ದುಬುಡಿ ಕಣಮ್ಮ" ಎಂದರು. ಪೆನ್ಸಿಲಿನಲ್ಲಿ ಬರೆದು ಮೂಲ ನಕ್ಷೆಯನ್ನೇ ಇದರೊಳಗೆ ಇಟ್ಟಿದ್ದೇನೆ. ಆದರೆ ಯಜಮಾನರ ಕೈಗೆ ಕೊಡುವ ಮುಂಚೆ ಒಮ್ಮೆ ಊರಿಗೆ ಬಂದು ಶಿವಯ್ಯನವರನ್ನು ಕೇಳು. ನಾನು ನಿನಗೆ ಮಾಡಿದ್ದನ್ನು ನೀನು ಅವರಿಗೆ ಮಾಡಬೇಡ.